ಚಿಕ್ಕಬಾಣಾವರದಲ್ಲಿ ಒಂದು ತಿಂಡಿ, ಒಂದು ಟಿಪ್ಸ್

ದಸರಾ ರಜೆಗೆ ಬಂದ ಮೊಮ್ಮಗಳಿಗೆ ಅರಮನೆಯೂ ಬೇಡ, ಮಾಲೂ ಬೇಡ. "ಅಜ್ಜ, ಒಂದು ರೈಲು ದಾರಿ ಎರಡಾಗೋದನ್ನ ನೋಡ್ಬೇಕು" ಅಂದಳು. ಆರನೇ ತರಗತಿಯ ಹುಡುಗಿ. ಭೂಪಟದಲ್ಲಿ ಬೆಂಗಳೂರಿನಿಂದ ಹೊರಟ ರೈಲಿನ ಗೆರೆ ಒಂದು ಕಡೆ ಕವಲೊಡೆಯುವುದನ್ನು ಕಂಡಿದ್ದಳಂತೆ. ಆ ಜಾಗ ನಮ್ಮ ಮನೆಯಿಂದ ದೂರವೇನಿಲ್ಲ. ಯಶವಂತಪುರದಲ್ಲಿ ತುಮಕೂರಿನ ಪ್ಯಾಸೆಂಜರ್ ಗಾಡಿ ಹತ್ತಿದರೆ, ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡಿ ಮುಗಿಯುವಷ್ಟರಲ್ಲಿ ಬಂದುಬಿಡುವ ಊರು, ಚಿಕ್ಕಬಾಣಾವರ.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಅಜ್ಜಿ ತಿಂಡಿ ಕಟ್ಟಿಕೊಡಲು ಬಂದರೆ ಮೊಮ್ಮಗಳು ಬೇಡವೆಂದಳು. "ಹೋಟ್ಲಲ್ಲಿ ತಿಂತೀವಿ ಅಜ್ಜಿ." ಆ ಒಂದು ಮಾತಿನಿಂದಲೇ ಈ ಲೇಖನ ಹುಟ್ಟಿತು ಅನ್ನಬೇಕು.

ಕರ್ನಾಟಕದಲ್ಲಿ ಬಾಣಾವರ ಎಂಬ ಇನ್ನೊಂದು ಊರಿದೆ. ಅದು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನದು. ಅಲ್ಲೂ ರೈಲು ನಿಲ್ದಾಣವಿದೆ. ಹಾಗಾಗಿ ಟಿಕೆಟ್ ಕೇಳುವಾಗ 'ಚಿಕ್ಕ' ಅನ್ನುವುದನ್ನು ಮರೆಯಬಾರದು ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಕೌಂಟರಿನಲ್ಲಿ "ಚಿಕ್ಕ... ಬಾಣಾವರ" ಎಂದು ಬಿಡಿಸಿ ಕೇಳಿದಾಗ ಒಳಗಿದ್ದವರಿಗೂ ನಗು ಬಂತು.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಚಿಕ್ಕಬಾಣಾವರದ ಬಳಿ ಆ ಹಳೆಯ ದಾರಿಯಿಂದ ಹೊಸದೊಂದು ಬೇರೆಯಾಗುತ್ತದೆ. ಅದು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ದಾರಿ. ಬೆಂಗಳೂರಿನಿಂದ ಹಾಸನದವರೆಗೆ ನೇರ ರೈಲು ಆ ದಾರಿಯಲ್ಲಿ ಓಡಲು ಶುರುವಾದದ್ದು 2017ರಲ್ಲಿ. ಒಂದಕ್ಕೂ ಇನ್ನೊಂದಕ್ಕೂ 133 ವರ್ಷಗಳ ಅಂತರ. "ಅಂದ್ರೆ ಇದು ಮುತ್ತಜ್ಜ, ಅದು ಮರಿಮೊಮ್ಮಗ" ಎಂದು ಲೆಕ್ಕ ಹಾಕಿದಳು.

ಇನ್ನೊಂದು ರೈಲೂ ಇಲ್ಲಿಗೆ ಬರಲಿದೆ. ಬೆಂಗಳೂರಿನ ಉಪನಗರ ರೈಲು ಯೋಜನೆಗೆ 2022ರ ಜೂನ್ ತಿಂಗಳಲ್ಲಿ ಅಡಿಗಲ್ಲು ಹಾಕಿದರು. ಅದರ ನಾಲ್ಕು ದಾರಿಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಬೈಯಪ್ಪನಹಳ್ಳಿಯಿಂದ ಹೊರಡುವ, ಸುಮಾರು 25 ಕಿಲೋಮೀಟರ್ ಉದ್ದದ 'ಮಲ್ಲಿಗೆ' ದಾರಿಯ ಕೊನೆಯ ನಿಲ್ದಾಣ ಚಿಕ್ಕಬಾಣಾವರ.

ನಿಲ್ದಾಣದಿಂದ ಕೆರೆಯ ಕಡೆ ನಡೆದೆವು. ಮಳೆಗಾಲ ಆಗಷ್ಟೇ ಕಳೆದಿತ್ತು. ನೀರು ಚೆನ್ನಾಗಿತ್ತು, ಬೆಳ್ಳಕ್ಕಿಗಳಿದ್ದವು. ಕೆರೆಯ ಸುತ್ತ ಮನೆಗಳು, ಮನೆಗಳ ಮೇಲೆ ಮನೆಗಳು. ಈ ಕಡೆಯಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಮೆಡಿಕಲ್ ಅಂತ ಕಾಲೇಜುಗಳು ಬಹಳ. ಅದಕ್ಕೇ ಎಲ್ಲಿ ನೋಡಿದರೂ 'ಪಿ.ಜಿ.' ಬೋರ್ಡು, ಜೆರಾಕ್ಸ್ ಅಂಗಡಿ, ಹೋಟೆಲು.

ಇಲ್ಲಿಂದ ಇನ್ನಷ್ಟು ಮುಂದೆ ಸೋಲದೇವನಹಳ್ಳಿ, ಅದರಾಚೆ ಹೆಸರಘಟ್ಟ. 1894ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ತಂದರು. ಆ ನೀರು ಸೋಲದೇವನಹಳ್ಳಿಗೆ ತಾನಾಗಿಯೇ ಹರಿದು ಬರುತ್ತಿತ್ತು. ಅಲ್ಲಿಂದ ಪಂಪು ಹಾಕಿ ಊರಿಗೆ ಎತ್ತಬೇಕಿತ್ತು. "ಊರೊಳಗೆ ನಲ್ಲಿ ತಿರುಗಿಸಿದವರಿಗೆ ನೀರು ಕಾಣ್ತಿತ್ತು. ಇಲ್ಲಿ ಪಂಪಿನ ಹತ್ತಿರ ರಾತ್ರಿ ಎದ್ದು ಕೂತವರು ಕಾಣ್ತಿರಲಿಲ್ಲ" ಅಂದೆ. ಮೊಮ್ಮಗಳು ತಲೆ ಆಡಿಸಿದಳು. ಅವಳ ಗಮನವೆಲ್ಲ ಹೊಟ್ಟೆಯ ಕಡೆಗಿತ್ತು.

ರಸ್ತೆ ಬದಿಯ ಒಂದು ಹೋಟೆಲಿಗೆ ಹೋದೆವು. ನಿಂತು ತಿನ್ನುವ ದರ್ಶಿನಿಯಲ್ಲ, ಕೂತು ತಿನ್ನುವ ಹೋಟೆಲು. ಎಂಟು ಹತ್ತು ಮೇಜು, ಅರ್ಧಕ್ಕರ್ಧ ಖಾಲಿ. ಬಾಗಿಲಲ್ಲಿ ದೊಡ್ಡ ಚೌಕದ ಬ್ಯಾಗು ಹೊತ್ತ ಇಬ್ಬರು ಡೆಲಿವರಿ ಹುಡುಗರು ಪಾರ್ಸೆಲ್ಲಿಗೆ ಕಾಯುತ್ತಿದ್ದರು. ನಾವು ಕೂರುವ ಮೊದಲೇ ಒಬ್ಬ ಸಣ್ಣಗಿನ ಯುವಕ ಬಂದು ಮೇಜು ಒರೆಸಿ, ಮಾತಾಡದೆ ಹೋದ. ಅವನ ಹಿಂದೆಯೇ ಸಪ್ಲೈಯರ್ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು.

"ಇಡ್ಲಿ, ವಡೆ, ಪೂರಿ, ಖಾಲಿ ದೋಸೆ, ಸೆಟ್ ದೋಸೆ, ಖಾರಾಬಾತ್, ಕೇಸರಿಬಾತ್, ಬಿಸಿಬೇಳೆ ಬಾತ್ ಐತ್ರೀ" ಎಂದು ಒಂದೇ ಉಸಿರಿಗೆ ಹೇಳಿದ. ಮೊಮ್ಮಗಳು ಕಣ್ಣರಳಿಸಿ, "ಇನ್ನೊಂದ್ಸಲ ಹೇಳಣ್ಣ" ಅಂದಳು. ಅವನು ನಕ್ಕು ಮತ್ತೊಮ್ಮೆ ಹೇಳಿದ. ಅಷ್ಟೂ ಹೆಸರು, ಅದೇ ಕ್ರಮದಲ್ಲಿ.

ಇಡ್ಲಿ ಬಂತು, ವಡೆ ಬಂತು. ಅವಳಿಗೆ ಖಾಲಿ ದೋಸೆಯೂ ಬಂತು. ಚಟ್ನಿ ಕೇಳುವ ಮೊದಲೇ ಬಂತು. ನನ್ನ ಕೈ ಸ್ವಲ್ಪ ನಡುಗುತ್ತದೆ. ಅದನ್ನು ಅವನು ಯಾವಾಗ ನೋಡಿದನೋ, ಕಾಫಿ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ ತಂದು, ಉಳಿದದ್ದನ್ನು ಇನ್ನೊಂದು ಲೋಟದಲ್ಲಿಟ್ಟ. ಏನೂ ಹೇಳಲಿಲ್ಲ. ಲೋಟ ಇಟ್ಟು ಹೋದ.

ಬಿಲ್ಲು 189 ರೂಪಾಯಿ. ತಿಂಡಿಗೆ 180, ಜಿ.ಎಸ್.ಟಿ. 9. ಗಲ್ಲಾದ ಹತ್ತಿರ ಹೋಗಿ ಫೋನಿನಲ್ಲಿ ಕೋಡ್ ತೋರಿಸಿದೆ. 'ನೂರ ಎಂಬತ್ತೊಂಬತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಡಬ್ಬ ಕೂಗಿತು. ಹೊರಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುವಾಗ ಮೊಮ್ಮಗಳು ನನ್ನ ತೋಳು ಹಿಡಿದಳು.

"ಅಜ್ಜ, ನೀನು ಯಾವಾಗ್ಲೂ ತಟ್ಟೇಲಿ ಕಾಸು ಇಡ್ತಿದ್ದೆ. ಇವತ್ಯಾಕೆ ಇಡ್ಲಿಲ್ಲ?"

ಜೇಬಿಗೆ ಕೈ ಹಾಕಿದೆ. ಒಂದು ಐನೂರರ ನೋಟು ಬಿಟ್ಟರೆ ಏನೂ ಇಲ್ಲ. ಮೊದಲಾದರೆ ಬಿಲ್ಲಿಗೆ ನೋಟು ಕೊಡುತ್ತಿದ್ದೆವು, ಚಿಲ್ಲರೆ ವಾಪಸ್ಸು ಬರುತ್ತಿತ್ತು. ಸೋಂಪಿನ ತಟ್ಟೆಯಲ್ಲಿ ಬಂದ ಆ ಚಿಲ್ಲರೆಯಲ್ಲಿ ಐದೋ ಹತ್ತೋ ಅಲ್ಲೇ ಉಳಿಯುತ್ತಿತ್ತು. ಈಗ ಬಿಲ್ಲಿನ ಹಣ ಪೈಸೆ ಲೆಕ್ಕದಲ್ಲಿ ನೇರ ಮಾಲೀಕರ ಖಾತೆಗೆ ಹೋಗುತ್ತದೆ, ವಾಪಸ್ಸು ಬರುವ ಚಿಲ್ಲರೆಯೇ ಇಲ್ಲ. ಟಿಪ್ಸ್ ಕೊಡಬಾರದು ಅಂತ ಯಾರೂ ತೀರ್ಮಾನ ಮಾಡಿಲ್ಲ. ಚಿಲ್ಲರೆಯ ಜೊತೆ ಅದೂ ಮಾಯವಾಗಿದೆ, ಅಷ್ಟೆ.

ಪಕ್ಕದ ಬೇಕರಿಯಲ್ಲಿ ಅಜ್ಜಿಗೆ ಬೆಣ್ಣೆ ಬಿಸ್ಕತ್ತು ತೆಗೆದುಕೊಂಡು ನೋಟು ಮುರಿಸಿದೆ. ಮತ್ತೆ ಹೋಟೆಲಿಗೆ ಹೋದೆವು. ಇಪ್ಪತ್ತು ರೂಪಾಯಿಯನ್ನು ಮೊಮ್ಮಗಳ ಕೈಯಿಂದ ಕೊಡಿಸಿದೆ. ಸಪ್ಲೈಯರ್ ಸಂಕೋಚಪಟ್ಟ.

"ಇದಕ್ಕಂತ ವಾಪಸ್ ಬಂದ್ರಿ ಅಜ್ಜಾರ?"

"ಹೌದಪ್ಪ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಇದು ನಿನಗೇ ಸೇರುತ್ತೋ, ಡಬ್ಬಿಗೆ ಹೋಗುತ್ತೋ?"

"ಡಬ್ಬಿಗೆ ಹಾಕ್ತೀವ್ರೀ. ರಾತ್ರಿ ಲೆಕ್ಕ ಮಾಡಿ ಹಂಚ್ಕೋತೀವಿ."

"ಕ್ಲೀನರಿಗೂ ಪಾಲು ಇದೆಯಾ? ಅಡುಗೆಮನೇಲಿ ಪಾತ್ರೆ ತೊಳೆಯೋರಿಗೆ?"

ಅವನು ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ. ಗಿರಾಕಿಗಳು ಇದನ್ನೆಲ್ಲ ಕೇಳುವುದಿಲ್ಲ. "ಐತ್ರೀ. ಎಲ್ಲಾರಿಗೂ ಸಮ" ಅಂದ.

ಊರು ರಾಯಚೂರು ಕಡೆ ಅಂತೆ. ಮೇಜು ಒರೆಸಿದ ಯುವಕ ಒಡಿಶಾದವನು, ಕನ್ನಡ ಈಗ ಕಲಿಯುತ್ತಿದ್ದಾನೆ. ಇಬ್ಬರಿಗೂ ಊಟ, ರೂಮು ಹೋಟೆಲಿನದೇ. ಸಂಬಳ ಖಾತೆಗೆ ಬರುತ್ತದೆ. ಅದನ್ನು ಊರಿಗೆ ಕಳಿಸುತ್ತಾರೆ. ಟಿಪ್ಸಿನಲ್ಲಿ ಫೋನ್ ಕರೆನ್ಸಿ, ಸೋಪು, ಎಣ್ಣೆ, ಊರಿಗೆ ಹೋಗುವ ಬಸ್ಸಿನ ಚಾರ್ಜು.

"ರಜಾ ಬಿಟ್ರೆ ಕಷ್ಟ್ರೀ" ಅಂದ. "ಕಾಲೇಜ್ ಹುಡುಗ್ರು ಊರಿಗೆ ಹೋದ್ರ ಹೋಟೆಲ್ ಖಾಲಿ. ಡಬ್ಬಿನೂ ಖಾಲಿ."

ಅಷ್ಟರಲ್ಲಿ ಮೊಮ್ಮಗಳು ಕೇಳಿಯೇಬಿಟ್ಟಳು: "ಅಣ್ಣ, ನಿಮಗೆ ಸಂಬಳ ಎಷ್ಟು?"

"ಹಾಗೆಲ್ಲ ಕೇಳಬಾರದು ಪುಟ್ಟಿ" ಎಂದು ಗದರಿದೆ. ಅವನು ಸುಮ್ಮನೆ ನಕ್ಕ. ಒಳಗಿನಿಂದ ಯಾರೋ ಕೂಗಿದರು, ಹೋದ.

ವಾಪಸ್ಸು ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ಮೊಮ್ಮಗಳ ಮುಖ ಊದಿಕೊಂಡಿತ್ತು.

"ಯಾಕೆ ಕೇಳಬಾರದು? ನೀನು ಡಬ್ಬಿ ಬಗ್ಗೆ ಕೇಳಿದ್ಯಲ್ಲ. ನಿಂಗೆ ಡಬ್ಬಿ ವಿಷಯ ಹೇಗೆ ಗೊತ್ತು?"

ಓದುಗರೇ, ನನಗೀಗ 70 ವರ್ಷ. ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತನಾದವನು. ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಗೊತ್ತಿರುವ ನಾನು ಅಷ್ಟೇ. ಅದಕ್ಕೂ ಹಿಂದಿನದನ್ನು ನಾನು ಹೇಳಿದವನಲ್ಲ. ಆ ಬೆಂಚಿನ ಮೇಲೆ ಮೊದಲ ಸಲ ಹೇಳಿದೆ.

1967ರಲ್ಲಿ, ಹನ್ನೆರಡನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಬೆಂಗಳೂರಿನ ಒಂದು ಹೋಟೆಲಿಗೆ ಬಂದೆ. ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚು, ಗದ್ದೆ ಕಡಿಮೆ. ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಅದೇ. ಬೆಂಗಳೂರು, ಮೈಸೂರು, ಮದ್ರಾಸು, ಮುಂಬಯಿ ಎಂದು ಹುಡುಗರು ಚೀಲ ಹಿಡಿದು ಹೊರಡುತ್ತಿದ್ದರು. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿಯೇ ಕನ್ನಡದ ರಾತ್ರಿ ಶಾಲೆಗಳು ನಡೆದವು. ಹಗಲು ತಟ್ಟೆ ತೊಳೆದು ರಾತ್ರಿ ಓದಿ ದೊಡ್ಡವರಾದವರು ಅಲ್ಲಿ ಅನೇಕರಿದ್ದಾರೆ. ನಾನೂ ಬೆಂಗಳೂರಿನ ಒಂದು ರಾತ್ರಿ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ ಮಾಡಿದ್ದು.

ಮೊದಲು ಕ್ಲೀನರ್. ಒದ್ದೆ ಬಟ್ಟೆ, ಬಕೆಟ್ಟು. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೇ ನಿದ್ದೆ. ತಟ್ಟೆ ಎತ್ತುವಾಗ ಅದರ ಕೆಳಗೆ ಕಾಸು ಸಿಗುತ್ತಿತ್ತು. ಸಿಕ್ಕಿದ್ದನ್ನು ಮಾಣಿಗೆ ಕೊಡಬೇಕು. ನಮ್ಮ ಕರಾವಳಿಯಲ್ಲಿ ಮಾಣಿ ಅಂದರೆ ಹುಡುಗ. ಹೋಟೆಲಿನಲ್ಲಿ ತಿಂಡಿ ತಂದುಕೊಡುವವನಿಗೂ ಅದೇ ಹೆಸರಾಯಿತು. ತಿಂಡಿ ಕೊಟ್ಟವನು ಅವನು, ಹಾಗಾಗಿ ಟಿಪ್ಸ್ ಅವನದು. ಮೇಜು ಚೊಕ್ಕ ಮಾಡಿದ ನನಗೆ ಏನೂ ಇಲ್ಲ. ನಾನು ಮಾಣಿಯಾದ ದಿನ ಹೀಗೆ ಮಾಡುವುದಿಲ್ಲ, ಕ್ಲೀನರಿಗೆ ಅರ್ಧ ಕೊಡುತ್ತೇನೆ ಎಂದು ಎಷ್ಟೋ ರಾತ್ರಿ ಅಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಮಾಣಿಯಾದೆ. ಹೊಸದಾಗಿ ಬಂದ ಕ್ಲೀನರ್ ಹುಡುಗ ನನಗಿಂತ ಚಿಕ್ಕವನು, ನಮ್ಮ ಕಡೆಯವನೇ. ಒಂದು ದಿನ ಯಾರೋ ದೊಡ್ಡ ಮನುಷ್ಯರು ಕುಟುಂಬ ಸಮೇತ ಬಂದು ತಿಂದು, ಒಂದು ರೂಪಾಯಿಯ ನೋಟನ್ನು ನಾಲ್ಕಾಗಿ ಮಡಿಸಿ ತಟ್ಟೆಯ ಕೆಳಗಿಟ್ಟು ಹೋದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹುಡುಗ ಅದನ್ನು ಓಡಿ ಬಂದು ನನ್ನ ಕೈಗೆ ಕೊಟ್ಟ. ನಾನು ಜೇಬಿಗೆ ಹಾಕಿಕೊಂಡೆ. ಅವನು ಹೋಗಲಿಲ್ಲ. ನಿಂತೇ ಇದ್ದ.

"ಅಣ್ಣ, ನಂಗ್ ಏನೂ ಇಲ್ಯಾ?"

"ನಿನ್ ಕೆಲ್ಸ ಒರ್ಸುದ್. ಒರ್ಸ್, ಹೋಗ್" ಅಂದೆ.

ಅವನು ಹೋಗಿ ಮೇಜು ಒರೆಸಿದ. ಅಷ್ಟೇ ನಡೆದದ್ದು. ಆ ರೂಪಾಯಿಯನ್ನು ಯಾವುದಕ್ಕೆ ಖರ್ಚು ಮಾಡಿದೆನೋ ನೆನಪಿಲ್ಲ. ಆ ಮಾತು ಮಾತ್ರ ಐವತ್ತಕ್ಕೂ ಹೆಚ್ಚು ವರ್ಷದಿಂದ ನನ್ನ ಜೊತೆಗಿದೆ. ಹೋಟೆಲಿನಲ್ಲಿ ನಾನು ಕಾಸು ಇಡುವುದನ್ನು ಮನೆಯವರು ಧಾರಾಳ ಅಂದುಕೊಂಡಿದ್ದರು. ಅದು ಹಳೆಯ ಸಾಲದ ಕಂತು.

ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಹನ್ನೆರಡು ವರ್ಷಕ್ಕೆ ಕೆಲಸ ಮಾಡ್ತಿದ್ಯಾ? ನಂಗೀಗ ಹನ್ನೊಂದು" ಅಂದಳು.

ಮಕ್ಕಳೇ, ಇದನ್ನು ನೀವೂ ತಿಳಿದಿರಬೇಕು. ಆಗ ಅದು ಸಾಮಾನ್ಯವಾಗಿತ್ತು. ಈಗ ಅದು ಅಪರಾಧ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 2016ರ ತಿದ್ದುಪಡಿಯ ಮೇಲೆ ಈ ನಿಷೇಧ ಬೇರೆಲ್ಲ ಉದ್ಯೋಗಗಳಿಗೂ ಬಂತು. ಶಾಲೆ ಬಿಟ್ಟಮೇಲೆ ಮನೆಯವರಿಗೆ ಕೈಜೋಡಿಸುವಂಥದ್ದಕ್ಕೆ ವಿನಾಯಿತಿ ಇದೆ. ನಿಮ್ಮ ವಯಸ್ಸಿನ ಮಗು ಹೋಟೆಲಿನಲ್ಲಿ ಮೇಜು ಒರೆಸುವುದು ಕಂಡರೆ, ಟಿಪ್ಸ್ ಕೊಟ್ಟು ಬಂದರೆ ಸಾಲದು. ದೊಡ್ಡವರಿಗೆ ಹೇಳಿ 1098ಕ್ಕೆ ಫೋನ್ ಮಾಡಿಸಿ.

"ಸರಿ. ಆದ್ರೆ ಸಂಬಳ ಯಾಕೆ ಕೇಳಬಾರದು ಅಂತ ನೀನು ಇನ್ನೂ ಹೇಳಿಲ್ಲ" ಎಂದಳು. ಬಿಡುವ ಹುಡುಗಿಯಲ್ಲ.

ಯೋಚಿಸಿದೆ. ಕೇಳಿದ ರೀತಿ ತಪ್ಪಿರಬಹುದು, ಪ್ರಶ್ನೆ ತಪ್ಪಲ್ಲ. ನಾವೆಲ್ಲ ಟಿಪ್ಸ್ ಎಷ್ಟು ಕೊಡಬೇಕು ಎಂದು ಕೇಳುತ್ತೇವೆ. ಸಂಬಳ ಸರಿಯಾಗಿದೆಯಾ ಎಂದು ಕೇಳುವುದಿಲ್ಲ. ನಿಜವಾಗಿ ಮೊದಲು ಬರಬೇಕಾದದ್ದು ಎರಡನೆಯದು.

ಭಕ್ಷೀಸು, ಇನಾಮು ಎಂಬ ಹಳೆಯ ಮಾತುಗಳು ನಮ್ಮಲ್ಲಿವೆ. ಎರಡೂ ಕೊಡುಗೆ ಎಂಬ ಅರ್ಥದವು. ಕೊಡುಗೆ ಅಂದರೆ ಕೊಡುವವರ ಮನಸ್ಸು. ಇವತ್ತು ಇಪ್ಪತ್ತು, ನಾಳೆ ಸೊನ್ನೆ. ಕಾಲೇಜಿಗೆ ರಜೆ ಬಂದರೆ ಚಿಕ್ಕಬಾಣಾವರದ ಡಬ್ಬಿ ಖಾಲಿ. ರಾಯಚೂರಿನ ಮನೆಯ ಅಕ್ಕಿ, ಬೇಳೆ, ತಂಗಿಯ ಫೀಸಿಗೆ ರಜೆ ಇಲ್ಲ. ಅದು ಸಂಬಳದಿಂದಲೇ ನಡೆಯಬೇಕು.

ಅದಕ್ಕೇ ನಮ್ಮ ದೇಶ ಸ್ವತಂತ್ರವಾದ ಮರುವರ್ಷವೇ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂತು. ಆ ಕಾಯ್ದೆಯನ್ನು ಒಳಗೊಂಡ ವೇತನ ಸಂಹಿತೆಗೆ ಸಂಸತ್ತು 2019ರಲ್ಲಿ ಒಪ್ಪಿಗೆ ಕೊಟ್ಟಿತು. ಇದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಸರ್ಕಾರ ಒಂದು ಗೆರೆ ಎಳೆಯುತ್ತದೆ. ಕರ್ನಾಟಕದಲ್ಲಿ ಹೋಟೆಲು ಕೆಲಸಕ್ಕೂ ಆ ಗೆರೆ ಇದೆ. ಬೆಲೆ ಏರಿದರೆ ಅದರೊಂದಿಗೆ ತುಟ್ಟಿಭತ್ಯೆಯೂ ಏರುತ್ತದೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತು. ವಾರಕ್ಕೊಂದು ರಜೆ ಇರಬೇಕು. ಹೆಚ್ಚು ಹೊತ್ತು ದುಡಿಸಿದರೆ ಆ ಹೊತ್ತಿಗೆ ಎರಡರಷ್ಟು ಕೂಲಿ. ಎಲ್ಲ ಹೋಟೆಲಿನಲ್ಲೂ ಇದು ನಡೆಯುತ್ತದೆಯೇ ಎಂದರೆ, ಕಾಯ್ದೆ ಪುಸ್ತಕದಲ್ಲಿರುವುದಕ್ಕೂ ಅಡುಗೆಮನೆಯಲ್ಲಿರುವುದಕ್ಕೂ ದೂರವಿದೆ. ಆದರೆ ಹಕ್ಕು ಇದೆ ಎಂದು ಗೊತ್ತಿದ್ದರೆ ತಾನೆ ಕೇಳುವುದು?

"ಟಿಪ್ಸ್ ಸಿಗುತ್ತಲ್ಲ ಅಂತ ಓನರ್ ಸಂಬಳ ಕಡಿಮೆ ಕೊಟ್ರೆ?" ಎಂದಳು.

ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಅದು ಕಾನೂನೇ ಆಗಿದೆ. ಅಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕರು ತಮ್ಮ ಕೈಯಿಂದ 2.13 ಡಾಲರ್ ಕೊಟ್ಟರೂ ನಡೆಯುತ್ತದೆ. ಉಳಿದದ್ದನ್ನು ಗಿರಾಕಿಯ ಟಿಪ್ಸ್ ತುಂಬಬೇಕು. ತುಂಬದಿದ್ದರೆ ಮಾತ್ರ ಮಾಲೀಕರು ಕೊಡಬೇಕು. ಆ 2.13 ಡಾಲರ್ 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ ಅನ್ನುವುದೂ ನಿಜ. ಅಲ್ಲಿರುವ ನಮ್ಮ ಬಂಧುಗಳು ನೂರು ಡಾಲರ್ ಊಟಕ್ಕೆ ಹದಿನೈದೋ ಇಪ್ಪತ್ತೋ ಇಡುವಾಗ ಅದು ಬರೀ ಮೆಚ್ಚುಗೆಯಲ್ಲ, ಸಂಬಳದ ಒಂದು ಭಾಗ. ಅಲ್ಲಿಗೆ ಹೋದ ಅಜ್ಜ ಅಜ್ಜಿಯರು 'ಇಷ್ಟೊಂದಾ?' ಎಂದು ಮಗನ ಮೇಲೆ ರೇಗುವ ಮೊದಲು ಇದು ನೆನಪಿರಲಿ. ಜಪಾನಿನಲ್ಲಿ ಇದರ ತಿರುಗುಮುರುಗು. ಟಿಪ್ಸ್ ಇಡುವ ಪದ್ಧತಿಯೇ ಇಲ್ಲ. ಇಟ್ಟರೆ ಮರೆತು ಹೋದಿರಿ ಎಂದು ಹಿಂದೆ ಓಡಿ ಬಂದು ಕೊಟ್ಟಾರು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರಿನಿಂದ ಹೊಸ ಕಾನೂನಿದೆ. ಗಿರಾಕಿ ಕೊಟ್ಟ ಟಿಪ್ಸಿನಲ್ಲಿ ಮಾಲೀಕರು ಒಂದು ಪೈಸೆಯನ್ನೂ ಮುಟ್ಟದೆ ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕು.

ನಮ್ಮಲ್ಲಿ? ಟಿಪ್ಸ್ ಸಿಗುತ್ತದೆ ಎಂಬ ಕಾರಣಕ್ಕೆ ಕನಿಷ್ಠ ವೇತನ ಕಡಿಮೆ ಮಾಡುವಂತಿಲ್ಲ. 2016ರಲ್ಲಿ ದೊಡ್ಡ ಹೋಟೆಲುಗಳ ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಟಿಪ್ಸ್ ಗಿರಾಕಿ ಕೊಡುವುದು, ಮಾಲೀಕ ಕೊಡುವ ಸಂಬಳವಲ್ಲ ಎಂದು ಹೇಳಿತು. ಸಂಬಳ ಹಕ್ಕು, ಟಿಪ್ಸ್ ಪ್ರೀತಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು.

ಮೊಮ್ಮಗಳು ಬಿಲ್ಲಿನ ಚೀಟಿಯನ್ನು ನನ್ನಿಂದ ಈಸಿಕೊಂಡು ಓದಿದಳು. "ಇದರಲ್ಲಿ 9 ರೂಪಾಯಿ ಜಿ.ಎಸ್.ಟಿ. ಇದೆ. ಅದು ಆ ಅಣ್ಣಂಗಾ?" ಅಲ್ಲ. ನೂರಕ್ಕೆ ಐದರಂತೆ ಅದು ತೆರಿಗೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಕೆಲವು ಹೋಟೆಲುಗಳಲ್ಲಿ ಇದರ ಜೊತೆಗೆ 'ಸರ್ವೀಸ್ ಚಾರ್ಜ್' ಎಂಬ ಇನ್ನೊಂದು ಸಾಲು ಇರುತ್ತದೆ. ಅದು ಸರ್ಕಾರದ ತೆರಿಗೆಯಲ್ಲ. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಕಿದ್ದರೆ ತೆಗೆಯಿರಿ ಎಂದು ಮರ್ಯಾದೆಯಿಂದ ಹೇಳಬಹುದು. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು. ಆದರೆ ಆ ಸಾಲು ತೆಗೆಸಿದ ಕೋಪವನ್ನು ತಂದುಕೊಟ್ಟ ಹುಡುಗನ ಮೇಲೆ ತೀರಿಸಬೇಡಿ. ಬಿಲ್ಲು ಬರೆದವನು ಅವನಲ್ಲ.

ಹಾಗಾದರೆ ಎಷ್ಟು ಕೊಡಬೇಕು? ನಮ್ಮ ಕಡೆ ಕಟ್ಟುಪಾಡಿಲ್ಲ. ಕೂತು ತಿಂದ ಹೋಟೆಲಿನಲ್ಲಿ ನೂರಕ್ಕೆ ಐದರಿಂದ ಹತ್ತು ರೂಪಾಯಿ ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಪಿಂಚಣಿಯ ತಿಂಗಳ ಕೊನೆಯಾದರೆ ಕಡಿಮೆ. ಮನೆಯಿಂದ ಹೊರಡುವಾಗಲೇ ಎರಡು ಹತ್ತರ ನೋಟು ಜೇಬಿನಲ್ಲಿರಲಿ. ಕೊಡುವಾಗ ಎಸೆಯಬೇಡಿ, ಎಂಜಲು ತಟ್ಟೆಯಲ್ಲಿ ಹಾಕಬೇಡಿ. ಮುಖ ನೋಡಿ ಕೈಗೆ ಕೊಡಿ. ದರ್ಶಿನಿಯಲ್ಲಿ ತಂದುಕೊಡುವವರಿಲ್ಲ, ನಿಜ. ಆದರೆ ನಮ್ಮ ತಟ್ಟೆ ಎತ್ತಿ ಮೇಜು ಒರೆಸುವವರು ಅಲ್ಲೂ ಇದ್ದಾರೆ. ಪಾರ್ಸೆಲ್ ತಂದ ಹುಡುಗನಿಗೆ ಹತ್ತು ರೂಪಾಯಿಯ ಜೊತೆ ಒಂದು ಲೋಟ ನೀರೂ ಬೇಕಾಗಿರಬಹುದು. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆಂದೇ ಕರ್ನಾಟಕ 2025ರಲ್ಲಿ ಒಂದು ಕಾಯ್ದೆ ಮಾಡಿದೆ.

ಕೊಡಲು ಏನೂ ಇಲ್ಲದಿದ್ದರೂ ನಾಚಿಕೆ ಬೇಡ. 'ಏಯ್' ಎನ್ನದೆ 'ಅಣ್ಣ', 'ಅಕ್ಕ' ಎಂದು ಕರೆಯುವುದಕ್ಕೆ, ತಿಂಡಿ ಚೆನ್ನಾಗಿತ್ತು ಎನ್ನುವುದಕ್ಕೆ ಚಿಲ್ಲರೆ ಬೇಕಾಗಿಲ್ಲ. ಮಾಣಿಯಾಗಿದ್ದವನು ಹೇಳುತ್ತಿದ್ದೇನೆ, ಆ ಮಾತನ್ನು ರಾತ್ರಿ ಮಲಗುವಾಗ ನೆನೆಸಿಕೊಳ್ಳುತ್ತೇವೆ.

ದೂರದಲ್ಲಿ ರೈಲು ಕೂಗಿತು. ಎರಡು ದಾರಿಯಲ್ಲಿ ಯಾವುದರಿಂದ ಬರುತ್ತದೆ ಎಂದು ನೋಡಲು ಮೊಮ್ಮಗಳು ಎದ್ದು ನಿಂತಳು. ನೋಡುತ್ತಲೇ ಕೇಳಿದಳು:

"ಅಜ್ಜ, ಆ ಹುಡುಗನ ಹೆಸರೇನು? ನೀನು ಒರೆಸು ಹೋಗು ಅಂದ್ಯಲ್ಲ, ಅವನದು."

ನೆನಪು ಮಾಡಿಕೊಂಡೆ. ನೋಟು ಹೇಗೆ ಮಡಿಸಿತ್ತು ಎಂಬುದು ನೆನಪಿದೆ. ಅವನ ಕೈಯ ಒದ್ದೆ ಬಟ್ಟೆ ನೆನಪಿದೆ. ಹೆಸರು ಬರಲಿಲ್ಲ. ಆಗಲೂ ಕೇಳಿದ್ದೆನೋ ಇಲ್ಲವೋ.

"ಗೊತ್ತಿಲ್ಲ ಪುಟ್ಟಿ" ಅಂದೆ.

ರೈಲು ತುಮಕೂರಿನ ಹಳೆಯ ದಾರಿಯಿಂದಲೇ ಬಂತು. ಹತ್ತಿ ಕೂತೆವು. ಕಿಟಕಿಯಾಚೆ ಕೆರೆ, ಪಿ.ಜಿ. ಬೋರ್ಡುಗಳು ಹಿಂದಕ್ಕೆ ಸರಿದವು. ಅವಳು ಬೆಣ್ಣೆ ಬಿಸ್ಕತ್ತಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಮುಂದಿನ ಭಾನುವಾರ ಮತ್ತೆ ಹೋದೆವು. ಅವಳದೇ ಹಟ. ಅದೇ ಹೋಟೆಲು, ಅದೇ ಮೇಜು. ಒಡಿಶಾದ ಯುವಕ ಬಟ್ಟೆ ಹಿಡಿದು ಬಂದ. ಅವನು ಒರೆಸಿ ತಿರುಗುವ ಮೊದಲೇ ಮೊಮ್ಮಗಳು ಕೇಳಿದಳು: "ಅಣ್ಣ, ನಿಮ್ಮ ಹೆಸರೇನು?"

ಅವನು ನಿಂತ. ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಹೆಸರು ಹೇಳಿದ.